ವೃತ್ತಿಪರ ಬಾಕ್ಸಿಂಗ್‌ನಲ್ಲಿ ತೂಕ ಇಳಿಸುವಿಕೆ: ಗೆಲುವಿನ ಲೆಕ್ಕ ಮತ್ತು ದೇಹದ ಲೆಕ್ಕ

ವೃತ್ತಿಪರ ಬಾಕ್ಸಿಂಗ್‌ನಲ್ಲಿ ಬಹುತೇಕ ಸಂಸ್ಥೆಗಳು ಒಪ್ಪಿಕೊಂಡಿರುವ ತೂಕದ ವರ್ಗಗಳು 17. ಅತ್ಯಂತ ಕೆಳಗಿನ ವರ್ಗದ ಮಿತಿ 105 ಪೌಂಡ್, ಅಂದರೆ 47.6 ಕಿಲೋ, 200 ಪೌಂಡ್ ದಾಟಿದವರು ಹೆವಿವೇಟ್. ಈ ಮೆಟ್ಟಿಲುಗಳ ಎತ್ತರ ಒಂದೇ ಸಮನಾಗಿಲ್ಲ. ಫ್ಲೈವೇಟ್‌ನ 112 ಪೌಂಡಿಗೂ ಸೂಪರ್ ಫ್ಲೈವೇಟ್‌ನ 115 ಪೌಂಡಿಗೂ ನಡುವೆ ಇರುವುದು ಒಂದೂವರೆ ಕಿಲೋಗಿಂತ ಕಡಿಮೆ ಅಂತರ. ವೆಲ್ಟರ್‌ವೇಟ್‌ನಿಂದ ಮೇಲಿನ ವರ್ಗಕ್ಕೆ ಹೋಗಲು 7 ಪೌಂಡ್ ಬೇಕು. ತಕ್ಕಡಿಯ ಮೇಲೆ ನಿಲ್ಲುವ ಶಾಸ್ತ್ರ ಸಾಮಾನ್ಯವಾಗಿ ಪಂದ್ಯದ ಹಿಂದಿನ ದಿನ ಮುಗಿಯುತ್ತದೆ. ಅಲ್ಲಿಂದ ಮೊದಲ ಗಂಟೆ ಬಾರಿಸುವವರೆಗೆ 24ರಿಂದ 36 ತಾಸುಗಳ ಬಿಡುವು ಸಿಗುತ್ತದೆ. ಈ ಬಿಡುವಿನಲ್ಲಿ ಬಾಕ್ಸರನ ದೇಹ ನಾಲ್ಕೈದು ಕಿಲೋ, ಕೆಲವೊಮ್ಮೆ ಅದಕ್ಕೂ ಹೆಚ್ಚು ಮರಳಿ ಪಡೆಯಬಲ್ಲದು. ಆದ್ದರಿಂದ ದಾಖಲೆಯಲ್ಲಿ ಸಮಾನ ತೂಕದವರಾಗಿರುವ ಇಬ್ಬರು ರಿಂಗಿನಲ್ಲಿ ಸಮಾನ ತೂಕದವರಾಗಿರಬೇಕೆಂದೇನೂ ಇಲ್ಲ. ತನ್ನ ಸಹಜ ತೂಕಕ್ಕಿಂತ ಎರಡು ಮೂರು ವರ್ಗ ಕೆಳಗಿಳಿದು, ತಕ್ಕಡಿ ದಾಟಿ, ಮತ್ತೆ ಹಿಗ್ಗಿ ಬರುವುದು ನಿಜಕ್ಕೂ ಗೆಲುವು ತರುತ್ತದೆಯೇ, ತಂದರೆ ಯಾವ ಬೆಲೆಗೆ ಎಂಬುದು ಇಲ್ಲಿನ ಚರ್ಚೆ.

ಇಳಿಸುವ ಕೆಲಸಕ್ಕೆ ಎರಡು ಹಂತಗಳಿವೆ. ಎರಡನ್ನೂ ಬೆರೆಸಿ ಮಾತಾಡುವುದರಿಂದಲೇ ಈ ವಿಷಯದಲ್ಲಿ ಅರ್ಧ ಗೊಂದಲ ಹುಟ್ಟುತ್ತದೆ. ಮೊದಲನೆಯದು ಎಂಟು ಹತ್ತು ವಾರಗಳ ತರಬೇತಿಯ ಕಾಲದಲ್ಲಿ ಊಟದ ಅಳತೆ ಮತ್ತು ವ್ಯಾಯಾಮದಿಂದ ಕೊಬ್ಬು ಕರಗಿಸುವುದು. ಇದನ್ನು ಸರಿಯಾಗಿ ಮಾಡಿದರೆ ದೇಹಕ್ಕೆ ಕೇಡಿಲ್ಲ. ಎರಡನೆಯದು ಕೊನೆಯ ಐದಾರು ದಿನಗಳ ಕೆಲಸ. ಇಲ್ಲಿ ಕರಗುವುದು ಕೊಬ್ಬಲ್ಲ, ನೀರು. ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಗ್ಲೈಕೊಜೆನ್ ಪ್ರತಿ ಗ್ರಾಂಗೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಅನ್ನ, ಬ್ರೆಡ್ಡುಗಳನ್ನು ಬಿಟ್ಟರೆ ಗ್ಲೈಕೊಜೆನ್ ಖರ್ಚಾಗಿ, ಅದರ ಜೊತೆಯ ನೀರೂ ಹೊರಟುಹೋಗುತ್ತದೆ. ಉಪ್ಪು ಬಿಟ್ಟರೆ ಇನ್ನಷ್ಟು. ನಾರಿನ ಅಂಶ ಕಡಿಮೆಯಿರುವ ಆಹಾರದಿಂದ ಕರುಳಿನ ಭಾರವೂ ಇಳಿಯುತ್ತದೆ. ಇವಿಷ್ಟರಿಂದಲೇ ಎರಡು ಮೂರು ಕಿಲೋ ಇಳಿದೀತು.

ಉಳಿದದ್ದನ್ನು ಬೆವರಿನಲ್ಲಿ ತೆಗೆಯಬೇಕು. ಕೊನೆಯ ದಿನದ ದೃಶ್ಯ ಬಹುಮಟ್ಟಿಗೆ ಎಲ್ಲೆಡೆ ಒಂದೇ. ಹೋಟೆಲ್ ಕೋಣೆಯ ಸ್ನಾನದ ತೊಟ್ಟಿಯಲ್ಲಿ ಸಹಿಸಬಹುದಾದಷ್ಟು ಬಿಸಿನೀರು ತುಂಬಿ, ಅದರಲ್ಲಿ ಎಪ್ಸಮ್ ಲವಣ ಕದಡಿ, ಬಾಕ್ಸರನನ್ನು ಕುತ್ತಿಗೆವರೆಗೆ ಮುಳುಗಿಸುತ್ತಾರೆ. ಹತ್ತು ಹದಿನೈದು ನಿಮಿಷದ ನಂತರ ಎಬ್ಬಿಸಿ, ಟವೆಲ್‌ಗಳಲ್ಲಿ ಸುತ್ತಿ ಮಲಗಿಸುತ್ತಾರೆ; ಬೆವರು ನಿಂತರೆ ಮತ್ತೆ ತೊಟ್ಟಿಗೆ. ಸೌನಾ, ಪ್ಲಾಸ್ಟಿಕ್ ಅಂಗಿ ತೊಟ್ಟು ಹಗ್ಗದಾಟ, ಬಾಯಲ್ಲಿ ಚೂಯಿಂಗ್ ಗಮ್ ಇಟ್ಟು ಎಂಜಲು ಉಗುಳುವುದು, ಇವೆಲ್ಲ ಅದರ ಜೊತೆಗೆ. ಮೇಲೇಳುವಾಗ ತಲೆ ಸುತ್ತುವುದರಿಂದ ಯಾರಾದರೂ ಪಕ್ಕದಲ್ಲಿ ನಿಂತೇ ಇರಬೇಕಾಗುತ್ತದೆ.

ಹೀಗೆ ನೀರು ಕಳೆದುಕೊಂಡ ದೇಹದಲ್ಲಿ ಮೊದಲು ಕುಗ್ಗುವುದು ರಕ್ತದ ದ್ರವಾಂಶ. ಹೃದಯ ಪ್ರತಿ ಬಡಿತಕ್ಕೆ ತಳ್ಳುವ ರಕ್ತ ಕಡಿಮೆಯಾಗುತ್ತದೆ, ಅದನ್ನು ಸರಿದೂಗಿಸಲು ಬಡಿತದ ವೇಗ ಏರುತ್ತದೆ. ಚರ್ಮಕ್ಕೆ ರಕ್ತ ಸಾಲದೆ ದೇಹದ ಶಾಖ ಹೊರಹೋಗುವುದು ಕಷ್ಟವಾಗುತ್ತದೆ. ಮೂತ್ರಪಿಂಡದ ಮೇಲೆ ಒತ್ತಡ ಬೀಳುತ್ತದೆ. ಒಂದೇ ಒಂದು ಗುದ್ದಿನ ಬಲ ಇದರಿಂದ ಅಷ್ಟೇನೂ ಕುಗ್ಗದಿರಬಹುದು. ಆದರೆ ಗುದ್ದಿನ ಮೇಲೆ ಗುದ್ದು ಹಾಕುತ್ತ 12 ಸುತ್ತು, ಅಂದರೆ 36 ನಿಮಿಷ, ಕಾಲ ಮೇಲೆ ನಿಲ್ಲುವ ತ್ರಾಣ ಕುಗ್ಗುತ್ತದೆ. ಹವ್ಯಾಸಿ ಬಾಕ್ಸರ್‌ಗಳನ್ನು ಕುರಿತು ಹಾಲ್ ಮತ್ತು ಲೇನ್ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ವಾರದಲ್ಲಿ ದೇಹತೂಕದ ಸುಮಾರು ಶೇ. 5ರಷ್ಟನ್ನು ಇಳಿಸಿದವರು ತಾವೇ ನಿರೀಕ್ಷಿಸಿದ್ದ ಮಟ್ಟದ ಸಾಧನೆ ತೋರಲಿಲ್ಲ. ಅವರಲ್ಲಿ ಸಿಟ್ಟು, ಬಿಗುವು, ಆಯಾಸ ಹೆಚ್ಚಿ ಹುರುಪು ತಗ್ಗಿತ್ತು. ಕೆಳಗಿನ ವರ್ಗಕ್ಕೆ ಇಳಿದರೆ ಬಲ ಹೆಚ್ಚುತ್ತದೆ ಎಂಬ ನಂಬಿಕೆ ನಿಂತಿರುವುದು ಕಳೆದದ್ದೆಲ್ಲ ಪಂದ್ಯದೊಳಗೆ ಮರಳಿ ಬರುತ್ತದೆ ಎಂಬ ಊಹೆಯ ಮೇಲೆ.

ಆ ಊಹೆ ಭಾಗಶಃ ಮಾತ್ರ ಸರಿ. ಕುಡಿದ ನೀರಿನಲ್ಲಿ ಒಂದು ಪಾಲು ಮೂತ್ರವಾಗಿ ಹೋಗುವುದರಿಂದ, ಕಳೆದ ಪ್ರತಿ ಕಿಲೋಗೆ ಒಂದೂಕಾಲರಿಂದ ಒಂದೂವರೆ ಲೀಟರ್ ದ್ರವ, ಜೊತೆಗೆ ಸೋಡಿಯಂ ಬೇಕಾಗುತ್ತದೆ. ರಕ್ತದ ದ್ರವಾಂಶ ಕೆಲವು ತಾಸುಗಳಲ್ಲಿ ಸರಿಹೋಗಬಹುದು. ಬರಿದಾದ ಗ್ಲೈಕೊಜೆನ್ ತುಂಬಲು, ಊಟ ಹೊಟ್ಟೆಗೆ ಒಗ್ಗಿದರೂ, ಸುಮಾರು ಒಂದು ದಿನ ಹಿಡಿಯುತ್ತದೆ. ದಿನಗಟ್ಟಲೆ ಬರಿದಾಗಿದ್ದ ಹೊಟ್ಟೆಗೆ ಒಮ್ಮೆಲೇ ಸುರಿದರೆ ವಾಂತಿ, ಭೇದಿ, ನುಲಿತ. ರಕ್ತನಾಳಕ್ಕೆ ಡ್ರಿಪ್ ಹಾಕಿಸಿಕೊಳ್ಳುವ ಹಳೆಯ ದಾರಿ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ ನಿಯಮ ಅನ್ವಯಿಸುವಲ್ಲೆಲ್ಲ ಮುಚ್ಚಿದೆ: ವೈದ್ಯಕೀಯ ವಿನಾಯಿತಿ ಇಲ್ಲದಿದ್ದರೆ 12 ತಾಸಿಗೆ 100 ಮಿಲಿಲೀಟರಿಗಿಂತ ಹೆಚ್ಚು ಕೊಡುವಂತಿಲ್ಲ. ತೂಕ ಮರಳಿದೆಯೆಂದು ತಕ್ಕಡಿ ತೋರಿಸಿದಾಗಲೂ ಆ ತೂಕದಲ್ಲಿ ಎಷ್ಟು ಭಾಗ ಸ್ನಾಯುವಿಗೆ ಮತ್ತು ರಕ್ತಕ್ಕೆ ಸೇರಿದೆ, ಎಷ್ಟು ಇನ್ನೂ ಹೊಟ್ಟೆಯಲ್ಲೇ ಕುಲುಕುತ್ತಿದೆ ಎಂಬುದನ್ನು ಅದು ಹೇಳುವುದಿಲ್ಲ.

ಹಿಂದಿನ ದಿನ ತೂಗುವ ಪದ್ಧತಿ ಬಂದ ಬಗೆಯನ್ನು ಇಲ್ಲಿ ನೆನೆಯಬೇಕು. 1980ರ ದಶಕದವರೆಗೆ ಪಂದ್ಯದ ದಿನ ಬೆಳಿಗ್ಗೆಯೇ ತೂಗುತ್ತಿದ್ದರು. 1980ರ ನವೆಂಬರ್ 25ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಶುಗರ್ ರೇ ಲೆನಾರ್ಡ್ ಎದುರು ರೊಬೆರ್ಟೊ ಡುರಾನ್ ಎಂಟನೆಯ ಸುತ್ತಿನಲ್ಲಿ ಬೆನ್ನು ತಿರುಗಿಸಿ ನಡೆದರು. ಅದೇ ವರ್ಷದ ಜೂನ್‌ನಲ್ಲಿ ಲೆನಾರ್ಡ್‌ರನ್ನು ಸೋಲಿಸಿದ ಮೇಲೆ ಬೆಳೆದ ಮೈಯನ್ನು ಅವಸರದಲ್ಲಿ ಇಳಿಸಿದ್ದು, ತೂಗಿದ ಮೇಲೆ ಹೊಟ್ಟೆ ಬಿರಿಯ ತಿಂದದ್ದು ನುಲಿತ ತಂದಿತೆಂಬುದು ಅವರ ಕಡೆಯ ವಿವರಣೆ. ಎರಡು ವರ್ಷದ ನಂತರ, 1982ರ ನವೆಂಬರ್ 13ರಂದು, ಲಾಸ್ ವೇಗಸ್‌ನಲ್ಲಿ ರೇ ಮ್ಯಾನ್ಸಿನಿಯ ಲೈಟ್‌ವೇಟ್ ಪಟ್ಟಕ್ಕೆ ಹೋರಾಡಿದ ದಕ್ಷಿಣ ಕೊರಿಯಾದ ಡುಕ್ ಕೂ ಕಿಮ್ 14ನೆಯ ಸುತ್ತಿನಲ್ಲಿ ಕುಸಿದರು. ಮೆದುಳಿನ ರಕ್ತಸ್ರಾವದಿಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. 135 ಪೌಂಡಿಗೆ ಇಳಿಯಲು ಅವರು ಪಟ್ಟ ಪಾಡಿನ ವರದಿಗಳೂ ಬಂದವು. ಆ ಸಾವಿನ ನಂತರ ವಿಶ್ವ ಬಾಕ್ಸಿಂಗ್ ಮಂಡಳಿ (ಡಬ್ಲ್ಯೂಬಿಸಿ) ಪಟ್ಟದ ಪಂದ್ಯಗಳನ್ನು 15ರಿಂದ 12 ಸುತ್ತಿಗೆ ಇಳಿಸಿತು, ಉಳಿದ ಸಂಸ್ಥೆಗಳು ಆ ದಶಕದಲ್ಲೇ ಅದನ್ನು ಅನುಸರಿಸಿದವು. ಬಾಕ್ಸರ್‌ಗಳು ದಣಿದು ಒಣಗಿದ ಮೈಯಲ್ಲಿ ರಿಂಗಿಗೆ ಬರಬಾರದು ಎಂಬ ಕಾಳಜಿಯಿಂದ ತೂಗುವುದೂ ಹಿಂದಿನ ದಿನಕ್ಕೆ ಸರಿಯಿತು.

ಉದ್ದೇಶ ಒಳ್ಳೆಯದಿತ್ತು. ಆದರೆ ಚೇತರಿಕೆಗೆಂದು ಕೊಟ್ಟ ತಾಸುಗಳನ್ನು ಬಾಕ್ಸರ್‌ಗಳೂ ತರಬೇತುದಾರರೂ ಇನ್ನಷ್ಟು ಇಳಿಯಲು ಸಿಕ್ಕ ಅವಕಾಶವೆಂದೇ ಲೆಕ್ಕ ಹಾಕಿದರು. ಬೆಳಿಗ್ಗೆ ತೂಗಿ ರಾತ್ರಿ ಹೊಡೆದಾಡಬೇಕಿದ್ದ ಕಾಲದಲ್ಲಿ ಎರಡು ಮೂರು ಕಿಲೋ ಇಳಿಸಲು ಹೆದರುತ್ತಿದ್ದವರಿಗೆ ಈಗ ಆರು ಏಳು ಕಿಲೋ ಇಳಿಸುವ ಧೈರ್ಯ ಬಂತು.

ಆ ಧೈರ್ಯದ ಪರಿಣಾಮ ಅತ್ಯಂತ ಸ್ಪಷ್ಟವಾಗಿ ಕಂಡದ್ದು 2000ದ ಫೆಬ್ರವರಿ 26ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ. ಆರ್ಟುರೊ ಗಾಟಿ ಮತ್ತು ಜೋಯಿ ಗಮಾಶ್ ನಡುವಿನ ಪಂದ್ಯಕ್ಕೆ ಒಪ್ಪಂದದ ತೂಕ 141 ಪೌಂಡ್. ಪಂದ್ಯದ ರಾತ್ರಿ ಎಚ್‌ಬಿಒ ವಾಹಿನಿಯವರು ತೂಗಿದಾಗ ಗಮಾಶ್ 145 ಪೌಂಡ್ ಇದ್ದರು, ಗಾಟಿ 160. ಅಂದರೆ ಒಬ್ಬರು ವೆಲ್ಟರ್‌ವೇಟ್‌ನ ಮಿತಿಯೊಳಗಿದ್ದರೆ ಇನ್ನೊಬ್ಬರು ಮಿಡಲ್‌ವೇಟ್‌ನ ತುದಿಯಲ್ಲಿದ್ದರು. ಗಮಾಶ್ ಎರಡನೆಯ ಸುತ್ತಿನಲ್ಲಿ ಪ್ರಜ್ಞೆ ತಪ್ಪಿ ಬಿದ್ದರು. ಮೆದುಳಿಗೆ ಆದ ಪೆಟ್ಟಿನಿಂದ ಅವರ ವೃತ್ತಿ ಅಲ್ಲಿಗೇ ಮುಗಿಯಿತು. ಹಿಂದಿನ ದಿನದ ತೂಗುವಿಕೆಯೇ ಸರಿಯಾಗಿ ನಡೆದಿರಲಿಲ್ಲವೆಂದು ಅವರು ರಾಜ್ಯದ ಅಥ್ಲೆಟಿಕ್ ಆಯೋಗದ ಮೇಲೆ ಮೊಕದ್ದಮೆ ಹೂಡಿದರು. 2010ರಲ್ಲಿ ಬಂದ ತೀರ್ಪು ತೂಗುವುದರಲ್ಲಿ ಆಯೋಗ ನಿರ್ಲಕ್ಷ್ಯ ತೋರಿತ್ತೆಂದು ಒಪ್ಪಿತು, ಆದರೆ ಆ ನಿರ್ಲಕ್ಷ್ಯದಿಂದಲೇ ಗಾಯವಾಯಿತೆಂಬುದು ಸಿದ್ಧವಾಗಿಲ್ಲವೆಂದು ಪರಿಹಾರ ನಿರಾಕರಿಸಿತು. ತೂಕದ ಪ್ರಶ್ನೆಯ ತೊಡಕು ಈ ತೀರ್ಪಿನೊಳಗೇ ಇದೆ. ಹದಿನೈದು ಪೌಂಡಿನ ಅಂತರ ಅನ್ಯಾಯವೆಂದು ಯಾರಿಗೂ ತೋರುತ್ತದೆ. ಆ ಗುದ್ದು ಅಷ್ಟು ಆಳಕ್ಕೆ ಇಳಿದದ್ದು ಆ ಹದಿನೈದು ಪೌಂಡಿನಿಂದಲೇ ಎಂದು ಸಾಧಿಸುವುದು ಬೇರೆಯೇ ಮಾತು.

ಏಕೆಂದರೆ ಇದಕ್ಕೆ ಎದುರಾದ ಉದಾಹರಣೆಗಳೂ ಅಷ್ಟೇ ಗಟ್ಟಿಯಾಗಿವೆ. 2010ರ ನವೆಂಬರ್ 13ರಂದು ಟೆಕ್ಸಸ್‌ನಲ್ಲಿ ಮ್ಯಾನಿ ಪ್ಯಾಕಿಯಾವೊ ರಿಂಗಿಗೆ ಬಂದಾಗ 148 ಪೌಂಡ್, ಎದುರಾಳಿ ಆಂಟೋನಿಯೊ ಮಾರ್ಗರಿಟೊ 165. ಹದಿನೇಳು ಪೌಂಡಿನ ಅನುಕೂಲವಿದ್ದ ಮಾರ್ಗರಿಟೊ 12 ಸುತ್ತೂ ಪೆಟ್ಟು ತಿಂದು, ಕಣ್ಣುಗುಡ್ಡೆಯ ಸುತ್ತಲ ಮೂಳೆ ಮುರಿದುಕೊಂಡು ಸೋತರು. ಅದಕ್ಕೆ ಎರಡು ವರ್ಷ ಮುಂಚೆ, 2008ರ ಡಿಸೆಂಬರ್ 6ರಂದು, ಇದೇ ಪ್ಯಾಕಿಯಾವೊ ಎದುರು ಆಸ್ಕರ್ ಡೆ ಲಾ ಹೋಯಾ ವರ್ಷಗಳ ಹಿಂದೆ ಬಿಟ್ಟುಬಂದಿದ್ದ ವೆಲ್ಟರ್‌ವೇಟ್‌ಗೆ ಮರಳಿ ಇಳಿದಿದ್ದರು. ತಕ್ಕಡಿಯ ಮೇಲೆ 145 ಪೌಂಡ್. ಪಂದ್ಯದ ರಾತ್ರಿ 147 ಮಾತ್ರ. ಕೆಳಗಿನ ವರ್ಗಗಳಿಂದ ಏರಿ ಬಂದಿದ್ದ ಪ್ಯಾಕಿಯಾವೊ 142ರಿಂದ 148.5ಕ್ಕೆ ಬಂದಿದ್ದರು. ದೇಹಗಾತ್ರದಲ್ಲಿ ದೊಡ್ಡವನೆಂದು ಎಲ್ಲರೂ ಎಣಿಸಿದ್ದವನು ರಿಂಗಿನಲ್ಲಿ ಹಗುರಾದವನಾಗಿದ್ದ, ಎಂಟು ಸುತ್ತಿನ ನಂತರ ಸ್ಟೂಲಿನಿಂದ ಏಳಲಿಲ್ಲ. ಇಳಿದದ್ದು ಮರಳಿ ಬರದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ. ರಾಯ್ ಜೋನ್ಸ್ ಜೂನಿಯರ್‌ರ ವಿಷಯವೂ ಹೀಗೆಯೇ. 2003ರ ಮಾರ್ಚ್‌ನಲ್ಲಿ 193 ಪೌಂಡಿನಲ್ಲಿ ಜಾನ್ ರೂಯಿಜ್‌ರಿಂದ ಹೆವಿವೇಟ್ ಪಟ್ಟ ಗೆದ್ದ ಅವರು ಅದೇ ನವೆಂಬರ್‌ನಲ್ಲಿ 175ಕ್ಕೆ ಇಳಿದು ಆಂಟೋನಿಯೊ ಟಾರ್ವರ್ ಎದುರು ಏದುಸಿರು ಬಿಡುತ್ತ ಗೆದ್ದರು, ಮುಂದಿನ ಮೇ ತಿಂಗಳಲ್ಲಿ ಎರಡನೆಯ ಸುತ್ತಿನಲ್ಲೇ ನೆಲಕ್ಕುರುಳಿದರು. ವಯಸ್ಸೂ ಇಲ್ಲಿ ಪಾಲುದಾರನೇ. ತೂಕವೊಂದರ ಮೇಲೆ ಎಲ್ಲವನ್ನೂ ಹೊರಿಸುವುದು ಸರಿಯಲ್ಲ.

ಇನ್ನು ಮೇಲಕ್ಕೆ ಏರಿ ಅರಳಿದವರು. 1999ರ ಸೆಪ್ಟೆಂಬರ್‌ನಲ್ಲಿ ಥಾಯ್ಲೆಂಡ್‌ನಲ್ಲಿ ಪ್ಯಾಕಿಯಾವೊ 112 ಪೌಂಡಿಗೆ ಇಳಿಯಲಾಗದೆ ಫ್ಲೈವೇಟ್ ಪಟ್ಟವನ್ನು ತಕ್ಕಡಿಯ ಮೇಲೆಯೇ ಕಳೆದುಕೊಂಡರು, ಮರುದಿನ ಮೂರನೆಯ ಸುತ್ತಿನಲ್ಲಿ ನಾಕೌಟ್ ಆದರು. 2001ರ ಜೂನ್‌ನಲ್ಲಿ 122 ಪೌಂಡಿನ ವರ್ಗದಲ್ಲಿ ಅವರೇ ವಿಶ್ವ ಚಾಂಪಿಯನ್, ಮುಂದೆ ಎಂಟು ವರ್ಗಗಳ ಚಾಂಪಿಯನ್. ಜಪಾನಿನ ನಾವೊಯಾ ಇನೊವೆ 2014ರ ಏಪ್ರಿಲ್‌ನಲ್ಲಿ 108 ಪೌಂಡಿನಲ್ಲಿ ಮೊದಲ ಪಟ್ಟ ಗೆದ್ದ ಪಂದ್ಯದಲ್ಲಿ ತೂಕ ಇಳಿಸಿದ ದಣಿವಿಗೆ ಕಾಲು ಹಿಡಿದುಕೊಂಡಿತ್ತು. ಅದೇ ಡಿಸೆಂಬರ್‌ನಲ್ಲಿ ಎರಡು ವರ್ಗ ಮೇಲೇರಿ, ಅನುಭವಿ ಒಮಾರ್ ನರ್ವಾಯೆಸ್‌ರನ್ನು ಎರಡೇ ಸುತ್ತಿನಲ್ಲಿ ಮುಗಿಸಿದರು. ಕೆಳಗಿಳಿದು ದೊಡ್ಡವನಾಗಿ ಕಾಣಬೇಕೆಂಬ ಸಾಮಾನ್ಯ ಬುದ್ಧಿವಾದಕ್ಕೆ ಈ ಇಬ್ಬರ ಜೀವನವೇ ಪ್ರತ್ಯುತ್ತರ. ಹಾಗೆಂದು ಗಾತ್ರಕ್ಕೆ ಬೆಲೆಯೇ ಇಲ್ಲವೆಂದಲ್ಲ. ಹವ್ಯಾಸಿ ಬಾಕ್ಸಿಂಗ್‌ನಿಂದ ಭಾರತದ ಓದುಗರಿಗೆ ಪರಿಚಿತವಾದ ಉದಾಹರಣೆ ಮೇರಿ ಕೋಮ್‌ರದು. 48 ಕಿಲೋ ಮತ್ತು ಅದಕ್ಕಿಂತ ಕೆಳಗಿನ ವರ್ಗಗಳಲ್ಲಿ ವಿಶ್ವ ಚಾಂಪಿಯನ್ ಆಗಿದ್ದ ಅವರಿಗೆ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಇದ್ದ ಅತಿ ಕೆಳಗಿನ ವರ್ಗ 51 ಕಿಲೋ. ತೂಕ ಕೂಡಿಸಿಕೊಂಡು ಹೋದ ಅವರು ಸೆಮಿಫೈನಲ್‌ನಲ್ಲಿ ನಿಕೋಲಾ ಆಡಮ್ಸ್‌ಗೆ ಸೋತು ಕಂಚು ತಂದರು.

ಒಂದೊಂದು ಪಂದ್ಯದ ಕಥೆಯಿಂದ ತೀರ್ಮಾನಕ್ಕೆ ಬರುವುದು ಅಪಾಯಕರ. ಆದ್ದರಿಂದ ಸಂಖ್ಯಾಶಾಸ್ತ್ರದ ಕಡೆ ನೋಡಬೇಕಾಗುತ್ತದೆ. 2016ರಲ್ಲಿ ಡ್ಯಾನಿಯೆಲೆ ಮತ್ತು ಸಂಗಡಿಗರು 71 ಪಟ್ಟದ ಪಂದ್ಯಗಳಲ್ಲಿ ತೂಗಿದ ನಂತರ ಮರಳಿದ ತೂಕವನ್ನು ಫಲಿತಾಂಶದೊಂದಿಗೆ ಹೋಲಿಸಿದರು. ಹೆಚ್ಚು ತೂಕ ಮರಳಿ ಪಡೆದವನೇ ಗೆಲ್ಲುತ್ತಾನೆ ಎಂಬುದಕ್ಕೆ ಆಧಾರ ಸಿಗಲಿಲ್ಲ. ರೀಯಲ್ ಮತ್ತು ಸಹಸಂಶೋಧಕರು ಹಲವು ದಿನ ನಡೆಯುವ ಹವ್ಯಾಸಿ ಪಂದ್ಯಾವಳಿಯೊಂದರಲ್ಲಿ ಇದನ್ನೇ ಪರೀಕ್ಷಿಸಿದಾಗಲೂ ಸಂಬಂಧ ಕಾಣಲಿಲ್ಲ. ಆದರೆ ವೃತ್ತಿಪರ ಬಾಕ್ಸಿಂಗ್ ಮತ್ತು ಮಿಶ್ರ ಸಮರಕಲೆಯ ಸುಮಾರು 2100 ಸ್ಪರ್ಧಿಗಳನ್ನು ಒಳಗೊಂಡು 2023ರಲ್ಲಿ ಬ್ಯಾರಿಬೊ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಬೇರೆ ಮಾತು ಹೇಳಿತು: ಮರಳಿದ ತೂಕವೂ ಎದುರಾಳಿಗಿಂತ ಇರುವ ತೂಕದ ವ್ಯತ್ಯಾಸವೂ ಗೆಲುವಿನೊಂದಿಗೆ ಸಂಬಂಧ ಹೊಂದಿವೆ.

ಈ ಫಲಿತಾಂಶಗಳು ಮೇಲುನೋಟಕ್ಕೆ ಕಾಣುವಷ್ಟು ವಿರುದ್ಧವಾಗಿಲ್ಲ. ಪಟ್ಟದ ಪಂದ್ಯಕ್ಕೆ ಬರುವ ಇಬ್ಬರೂ ತೂಕ ಇಳಿಸುವುದರಲ್ಲಿ ಪಳಗಿದವರು. ಇಬ್ಬರ ಬಳಿಯೂ ಪೋಷಕಾಂಶ ತಜ್ಞರಿರುತ್ತಾರೆ, ಇಬ್ಬರೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಇಳಿದು ಏರುತ್ತಾರೆ. ಜಾತ್ರೆಯಲ್ಲಿ ಎಲ್ಲರೂ ತುದಿಗಾಲಲ್ಲಿ ನಿಂತರೆ ಯಾರಿಗೂ ತೇರು ಹೆಚ್ಚು ಕಾಣುವುದಿಲ್ಲ, ಕಾಲು ಮಾತ್ರ ಎಲ್ಲರಿಗೂ ನೋಯುತ್ತದೆ. ಪಟ್ಟದ ಪಂದ್ಯಗಳಾಚೆಗೆ ನೋಡಿದರೆ, ಅಲ್ಪ ಅವಧಿಯಲ್ಲಿ ಕರೆ ಬಂದು, ತಯಾರಿಯಿಲ್ಲದೆ ಕಡಿಮೆ ಹಣಕ್ಕೆ ರಿಂಗ್ ಹತ್ತುವವರೂ ಲೆಕ್ಕಕ್ಕೆ ಸೇರುತ್ತಾರೆ. ಎದುರಿಗೆ ನಿಲ್ಲುವ ಭರವಸೆಯ ಯುವಕನಿಗೆ ಗಾತ್ರ, ತರಬೇತಿ, ಸಮಯ ಎಲ್ಲವೂ ಇರುತ್ತವೆ. ಅಲ್ಲಿ ಗೆಲುವು ತೂಕದಿಂದ ಬಂತೋ, ಒಟ್ಟು ಅಸಮಾನತೆಯಿಂದ ಬಂತೋ ಎಂದು ಬಿಡಿಸುವುದು ಸುಲಭವಲ್ಲ. ತೂಕ ಇಳಿಸುವಿಕೆ ಲಾಭ ತರುವುದು ಇಬ್ಬರಲ್ಲಿ ಒಬ್ಬನೇ ಅದನ್ನು ಮಾಡಿದಾಗ ಅಥವಾ ಒಬ್ಬನು ಇನ್ನೊಬ್ಬನಿಗಿಂತ ಬಹಳ ಚೆನ್ನಾಗಿ ಮಾಡಿದಾಗ ಎಂಬ ತೀರ್ಮಾನಕ್ಕೆ ಲಭ್ಯ ಪುರಾವೆ ಹೆಚ್ಚು ಹತ್ತಿರವಾಗಿದೆ.

ಮಿತಿ ಮೀರಿ ಬಂದವರ ಪಂದ್ಯಗಳು ಇದನ್ನು ಇನ್ನೊಂದು ದಿಕ್ಕಿನಿಂದ ತೋರಿಸುತ್ತವೆ. 2005ರ ಮೇ 7ರಂದು ಡಿಯಾಗೊ ಕೊರಾಲೆಸ್ ಮತ್ತು ಹೋಸೆ ಲೂಯಿಸ್ ಕ್ಯಾಸ್ಟಿಯೊ ಇಬ್ಬರೂ 135 ಪೌಂಡಿನೊಳಗಿದ್ದಾಗ ಕೊರಾಲೆಸ್ ಹತ್ತನೆಯ ಸುತ್ತಿನಲ್ಲಿ ಎರಡು ಬಾರಿ ಬಿದ್ದೆದ್ದು ಗೆದ್ದರು. ಅಕ್ಟೋಬರ್‌ನ ಮರುಪಂದ್ಯಕ್ಕೆ ಕ್ಯಾಸ್ಟಿಯೊ ಮೂರೂವರೆ ಪೌಂಡ್ ಹೆಚ್ಚು ತೂಗಿ, ನಾಲ್ಕನೆಯ ಸುತ್ತಿನಲ್ಲಿ ನಾಕೌಟ್ ಮಾಡಿದರು. ಮೂರನೆಯ ಪಂದ್ಯಕ್ಕೆ ಮತ್ತೆ ಹೆಚ್ಚು ತೂಗಿದ್ದರಿಂದ ಪಂದ್ಯವೇ ರದ್ದಾಯಿತು. ಆದರೆ 2006ರ ಅಕ್ಟೋಬರ್‌ನಲ್ಲಿ ಕೊರಾಲೆಸ್ ತಾವೇ 4 ಪೌಂಡ್ ಮೀರಿ ಬಂದು ಹೋಯೆಲ್ ಕಸಾಮಯೋರ್‌ಗೆ ಸೋತರು. 2018ರ ಫೆಬ್ರವರಿ 28ರಂದು ಟೋಕಿಯೊದಲ್ಲಿ ಲೂಯಿಸ್ ನೆರಿ 53.5 ಕಿಲೋ ಮಿತಿಗೆ ಮೊದಲು 2.3 ಕಿಲೋ, ಎರಡನೆಯ ಬಾರಿಗೆ 1.3 ಕಿಲೋ ಹೆಚ್ಚಿದ್ದರು. ಮರುದಿನ ಶಿನ್ಸುಕೆ ಯಮನಾಕರನ್ನು ಎರಡೇ ಸುತ್ತಿನಲ್ಲಿ ಕೆಡವಿದರು. ಜಪಾನ್ ಬಾಕ್ಸಿಂಗ್ ಆಯೋಗ ಅವರಿಗೆ ದೇಶದಲ್ಲಿ ಆಡದಂತೆ ನಿಷೇಧ ಹೇರಿತು. ಕೊನೆಯ ಒಂದೆರಡು ಕಿಲೋ ಇಳಿಸದೆ ಉಳಿಸಿಕೊಂಡವನಿಗೆ ಸಿಗುವ ಅನುಕೂಲ ಕೇವಲ ಆ ಕಿಲೋಗಳದ್ದಲ್ಲ: ಅವನು ಅತ್ಯಂತ ಹಾನಿಕರವಾದ ಕೊನೆಯ ತಾಸುಗಳನ್ನು ತಪ್ಪಿಸಿಕೊಂಡಿರುತ್ತಾನೆ, ಎದುರಾಳಿ ಅವನ್ನು ಅನುಭವಿಸಿಯೇ ಬಂದಿರುತ್ತಾನೆ.

ಇದಕ್ಕೆ ಹಣದ ಬೆಲೆಯೂ ಕಟ್ಟಲಾಗಿದೆ. 2009ರಲ್ಲಿ 144 ಪೌಂಡಿಗೆ ಒಪ್ಪಿ 146 ತೂಗಿದ ಫ್ಲಾಯ್ಡ್ ಮೇವೆದರ್ ತಮಗಿಂತ ಚಿಕ್ಕ ದೇಹದ ಹುವಾನ್ ಮಾನ್ಯುಯೆಲ್ ಮಾರ್ಕೆಸ್‌ಗೆ 6 ಲಕ್ಷ ಡಾಲರ್ ತೆತ್ತು ನಿರಾಯಾಸವಾಗಿ ಗೆದ್ದರು. 2025ರ ಏಪ್ರಿಲ್ 26ರಂದು ಲಂಡನ್ನಿನಲ್ಲಿ ಕಾನರ್ ಬೆನ್ ಎದುರು ಕ್ರಿಸ್ ಯೂಬ್ಯಾಂಕ್ ಜೂನಿಯರ್ 160 ಪೌಂಡಿಗೆ 0.05 ಪೌಂಡ್ ಮೀರಿದ್ದಕ್ಕೆ 3,75,000 ಪೌಂಡ್ ದಂಡ ಕಟ್ಟಬೇಕಾಯಿತು. ಪಂದ್ಯದ ದಿನ 170 ಪೌಂಡ್ ದಾಟಬಾರದೆಂಬ ಷರತ್ತೂ ಇತ್ತು. ಒಣಗಿದ ದೇಹದಲ್ಲೂ ಅವರು 12 ಸುತ್ತು ಕಾದಾಡಿ ಗೆದ್ದು, ಅಲ್ಲಿಂದ ಆಸ್ಪತ್ರೆಗೆ ಹೋದರು. ನವೆಂಬರ್‌ನ ಮರುಪಂದ್ಯದಲ್ಲಿ ಬೆನ್ ಗೆದ್ದರು. ಮರುತೂಕಕ್ಕೆ ಮಿತಿ ಹಾಕುವ ಇಂಥ ಷರತ್ತು ಕೇಳುವುದಕ್ಕೆ ಸುರಕ್ಷತೆಯ ನಿಯಮದಂತಿದೆ. ಆದರೆ ಖಾಸಗಿ ಒಪ್ಪಂದದಲ್ಲಿ ಅದನ್ನು ಬಲಶಾಲಿ ಪಕ್ಷ ಎದುರಾಳಿಯ ಚೇತರಿಕೆ ತಡೆಯಲು ಬಳಸುವುದುಂಟು. ಈಗಾಗಲೇ ಒಣಗಿದವನಿಗೆ ನೀರು ಕುಡಿಯಬೇಡವೆನ್ನುವ ನಿಯಮ ಅವನ ಮೆದುಳಿಗೆ ಒಳ್ಳೆಯದು ಮಾಡಲಾರದು.

ಮೆದುಳಿನ ಮಾತೇ ಇಲ್ಲಿ ಎಲ್ಲಕ್ಕಿಂತ ಭಾರವಾದದ್ದು. ಬಾಕ್ಸಿಂಗ್‌ನಲ್ಲಿ ಸಾವಿಗೆ ಸಾಮಾನ್ಯ ಕಾರಣ ಮೆದುಳಿನ ಹೊರಪದರದ ಕೆಳಗೆ ರಕ್ತ ಹೆಪ್ಪುಗಟ್ಟುವುದು. ತಲೆ ಗಿರಕ್ಕನೆ ತಿರುಗಿದಾಗ ಮೆದುಳಿಗೂ ಪದರಕ್ಕೂ ಸೇತುವೆಯಾಗಿರುವ ಸಣ್ಣ ರಕ್ತನಾಳಗಳು ಹರಿಯುತ್ತವೆ. ನಿರ್ಜಲೀಕರಣದಿಂದ ಮೆದುಳಿನ ಒಳಗಣ ದ್ರವಕೋಶಗಳ ಗಾತ್ರ ಬದಲಾಗುವುದನ್ನು 2009ರಲ್ಲಿ ಪ್ರಕಟವಾದ ಎಂಆರ್‌ಐ ಅಧ್ಯಯನವೊಂದು ತೋರಿಸಿದೆ. ಕುಗ್ಗಿದ ಮೆದುಳು ಕಪಾಲದೊಳಗೆ ಹೆಚ್ಚು ಅಲುಗಾಡಿ, ಆ ನಾಳಗಳು ಸುಲಭವಾಗಿ ಹರಿಯುತ್ತವೆ ಎಂಬುದು ಇದರಿಂದ ಬೆಳೆದ ಊಹೆ. ಮನುಷ್ಯರ ಮೇಲೆ ಪ್ರಯೋಗ ಮಾಡಿ ಸಾಧಿಸಲಾಗದ ಊಹೆ ಅದು. ಆದರೂ ವೈದ್ಯರು ಅದನ್ನು ಹಗುರವಾಗಿ ತೆಗೆದುಕೊಂಡಿಲ್ಲ. 2025ರ ಆಗಸ್ಟ್ 2ರಂದು ಟೋಕಿಯೊದ ಕೊರಾಕುಯೆನ್ ಸಭಾಂಗಣದಲ್ಲಿ ಒಂದೇ ದಿನ ಆಡಿದ ಶಿಗೆತೊಶಿ ಕೊತಾರಿ ಮತ್ತು ಹಿರೊಮಾಸ ಉರಕವ, ಇಬ್ಬರೂ 28ರ ಯುವಕರು, ಇದೇ ಬಗೆಯ ರಕ್ತಸ್ರಾವದಿಂದ ಒಂದು ದಿನದ ಅಂತರದಲ್ಲಿ ತೀರಿಕೊಂಡರು. ಅಲ್ಲಿನ ಚರ್ಚೆ ಕೂಡಲೇ ನೀರು ಹಿಂಡುವ ಪದ್ಧತಿಯ ಕಡೆ ತಿರುಗಿದ್ದು ಆಕಸ್ಮಿಕವಲ್ಲ.

ತಡೆಯುವ ದಾರಿ ಇದೆಯೆಂಬುದನ್ನು ಬೇರೆ ಕ್ರೀಡೆಗಳು ತೋರಿಸಿವೆ. 1997ರ ಕೊನೆಯಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ತೂಕ ಇಳಿಸುವಾಗಲೇ ಸತ್ತ ಮೇಲೆ, ಅಲ್ಲಿನ ಕಾಲೇಜು ಕ್ರೀಡಾ ಸಂಸ್ಥೆ ರಬ್ಬರ್ ಅಂಗಿ ಮತ್ತು ಸೌನಾ ನಿಷೇಧಿಸಿತು, ಪಂದ್ಯಕ್ಕೆ ಸ್ವಲ್ಪ ಮುಂಚೆ ತೂಗುವ ನಿಯಮ ತಂದಿತು, ಋತುವಿನ ಆರಂಭದಲ್ಲೇ ಪ್ರತಿಯೊಬ್ಬನ ಕನಿಷ್ಠ ಸುರಕ್ಷಿತ ತೂಕ ಗೊತ್ತುಮಾಡತೊಡಗಿತು. ಪಂದ್ಯದ ಬೆಳಿಗ್ಗೆ ತೂಗುವುದೊಂದೇ ಮದ್ದಲ್ಲ ಎಂಬುದಕ್ಕೆ 2024ರ ಆಗಸ್ಟ್ 7ರಂದು ಪ್ಯಾರಿಸ್‌ನಲ್ಲಿ 100 ಗ್ರಾಂ ಹೆಚ್ಚಾಗಿ ಒಲಿಂಪಿಕ್ ಕುಸ್ತಿ ಫೈನಲ್ ಕಳೆದುಕೊಂಡ ವಿನೇಶ್ ಫೋಗಟ್‌ರ ಪ್ರಕರಣ ಸಾಕ್ಷಿ. ಕುಸ್ತಿಯಲ್ಲಿ ಎರಡನೆಯ ಬೆಳಗಿನ ತೂಗುವಿಕೆ ಕಣ್ಣೆದುರಿಗಿದ್ದರೂ ಸ್ಪರ್ಧಿಗಳು ಕೆಳಗಿನ ವರ್ಗಕ್ಕೆ ಇಳಿಯುವುದನ್ನು ಬಿಟ್ಟಿಲ್ಲ. ದೇಹ ಒಣಗುವ ಮುಂಚೆಯೇ, ವಾರಗಳ ಹಿಂದೆಯೇ, ವರ್ಗ ನಿರ್ಧರಿಸುವ ವ್ಯವಸ್ಥೆಗೆ ಮಾತ್ರ ನಿಜವಾದ ಹಿಡಿತ ಇರಬಲ್ಲದು.

ವೃತ್ತಿಪರ ಬಾಕ್ಸಿಂಗ್‌ನಲ್ಲಿ ಆ ದಿಕ್ಕಿನ ನಿಯಮಗಳು ಚೂರುಚೂರಾಗಿವೆ. ಡಬ್ಲ್ಯೂಬಿಸಿ ತನ್ನ ಪಟ್ಟದ ಪಂದ್ಯಕ್ಕೆ 30 ದಿನ ಮುಂಚೆ ಮಿತಿಗಿಂತ ಶೇ. 10, 7 ದಿನ ಮುಂಚೆ ಶೇ. 5ರೊಳಗಿರಬೇಕೆಂದು ಕೇಳುತ್ತದೆ. ಅಂತರರಾಷ್ಟ್ರೀಯ ಬಾಕ್ಸಿಂಗ್ ಒಕ್ಕೂಟ (ಐಬಿಎಫ್) ಪಂದ್ಯದ ಬೆಳಿಗ್ಗೆ ಮತ್ತೊಮ್ಮೆ ತೂಗಿ, ತೂಕ ಮಿತಿಗಿಂತ 10 ಪೌಂಡಿಗೂ ಹೆಚ್ಚು ಏರಿರಬಾರದು ಎನ್ನುತ್ತದೆ. 2017ರ ಮಾರ್ಚ್‌ನಲ್ಲಿ ಗೆನ್ನಡಿ ಗೊಲೊವ್‌ಕಿನ್ ಎದುರು ಡೇನಿಯಲ್ ಜೇಕಬ್ಸ್ ಆ ಎರಡನೆಯ ತೂಗುವಿಕೆಗೆ ಹೋಗದೆ ಐಬಿಎಫ್ ಪಟ್ಟದ ಆಸೆ ಬಿಟ್ಟು, ಉಳಿದ ಪಟ್ಟಗಳಿಗಾಗಿ ದೊಡ್ಡ ಮೈಯಲ್ಲಿ ರಿಂಗ್ ಹತ್ತಿದರು. ಅಲ್ಪ ಅಂತರದಲ್ಲಿ ಸೋತರು. ಒಂದು ಸಂಸ್ಥೆಯ ನಿಯಮವನ್ನು ಇನ್ನೊಂದು ಸಂಸ್ಥೆಯ ಪಟ್ಟದ ನೆರಳಿನಲ್ಲಿ ದಾಟಿಹೋಗಲು ಸಾಧ್ಯವಿರುವವರೆಗೆ ಅದರ ಬಲ ಅಷ್ಟೇ. ಮಿತಿಗಿಂತ ಶೇ. 3 ಅಥವಾ ಹೆಚ್ಚು ಮೀರಿದರೆ ಪಂದ್ಯವನ್ನೇ ರದ್ದುಮಾಡುವ ಜಪಾನಿನ ಕ್ರಮ ಇವುಗಳಲ್ಲಿ ಹೆಚ್ಚು ಕಟ್ಟುನಿಟ್ಟಿನದು. ಇನ್ನು ಪಟ್ಟಗಳಿಗೆ ಸಂಬಂಧಿಸಿದ ಈ 30 ದಿನದ, 7 ದಿನದ, ಎರಡನೆಯ ಬೆಳಗಿನ ತಪಾಸಣೆಗಳು ಸಣ್ಣ ಸಭಾಂಗಣಗಳಲ್ಲಿ ನಾಲ್ಕು, ಆರು ಸುತ್ತಿನ ಪಂದ್ಯ ಆಡುವ ಬಹುಸಂಖ್ಯೆಯ ಬಾಕ್ಸರ್‌ಗಳನ್ನು ಮುಟ್ಟುವುದೇ ಇಲ್ಲ. ಅವರು ಹಿಂದಿನ ದಿನ ಒಮ್ಮೆ ತಕ್ಕಡಿ ಹತ್ತಿ ಇಳಿದ ಮೇಲೆ ರಿಂಗಿನವರೆಗೆ ಮತ್ತೆ ಯಾರೂ ತೂಗುವುದಿಲ್ಲ.